ಕಪ್ಪು ಹಾಯಿಯ ವೆರಿ ದೋಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳಿಗೆ ಆರ್ಥರ್ ರಾನ್ಸಮ್ ಅವರ 'ಕೂಟ್ ಕ್ಲಬ್' ಅನ್ನುವ ಕಥೆಪುಸ್ತಕ ಓದಿ ಹೇಳುವ ಅಪ್ಪ ಅಮ್ಮಂದಿರು, ಇಂಗ್ಲೆಂಡಿನ ನಾರ್ಫೋಕ್ ಕಡೆ ಹೋಗಿ ಬಂದವರು, ಸುಮ್ನೆ ದೋಣಿ ಅಂದರೆ ಪ್ರಾಣ ಅನ್ನುವವರು, ಎಲ್ಲರೂ ಅದರಲ್ಲಿ ಬರುವ ವೆರಿ ದೋಣಿಯ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಪುಸ್ತಕ ಓದದವರಿಗೂ ಅರ್ಥವಾಗುತ್ತದೆ. ಆದರೆ ಕಥೆಯ ಕೊನೆ ಮೊದಲೇ ಗೊತ್ತಾಗಬಾರದು ಅನ್ನುವವರು ಯಾರ್ಮತ್‌ ಕುರಿತ ಪ್ರಶ್ನೆಯನ್ನು ದಾಟಿ ಮುಂದೆ ಹೋಗಿ.

ವೆರಿ ಅಂದರೆ ಎಂಥ ದೋಣಿ?

ನಾರ್ಫೋಕ್ ಮತ್ತು ಪಕ್ಕದ ಸಫೋಕ್ ಜಿಲ್ಲೆಗಳ ನದಿಗಳಲ್ಲಿ ಸರಕು ಸಾಗಿಸುತ್ತಿದ್ದ ಹಾಯಿದೋಣಿ. ನಮ್ಮ ಕಾಲದ ಲಾರಿ ಇದ್ದ ಹಾಗೆ. ಸಾಮಾನ್ಯವಾಗಿ 25ರಿಂದ 40 ಟನ್ ಹೊರುತ್ತಿತ್ತು. ಎರಡೂ ತುದಿ ಚೂಪು, ಹೊಟ್ಟೆ ಅಗಲ, ತಳ ಆಳವಿಲ್ಲ. ಹಲಗೆಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಜೋಡಿಸುತ್ತಿದ್ದರು. ಒಂದೇ ಹಾಯಿಕಂಬ, ಅದೂ ದೋಣಿಯ ಮೂತಿಗೆ ತೀರಾ ಹತ್ತಿರ. ಒಂದೇ ದೊಡ್ಡ ಕಪ್ಪು ಹಾಯಿ. ನಡುವೆ ಇರುವುದೆಲ್ಲ ಸರಕಿನ ಜಾಗ. ಹಿಂದೆ ಪುಟ್ಟದೊಂದು ಕೋಣೆ, ಅದರ ಹಿಂದೆ ಚುಕ್ಕಾಣಿ ಹಿಡಿದು ನಿಂತ ಯಜಮಾನ.

ಮೂತಿಯ ಎರಡೂ ಬದಿಗೆ ಬಿಳಿ ಬಣ್ಣ ಬಳಿಯುತ್ತಿದ್ದರು. ಚೆಂದಕ್ಕಲ್ಲ. ಕಪ್ಪು ಹಾಯಿ, ಕಪ್ಪು ಒಡಲಿನ ದೋಣಿ ರಾತ್ರಿ ಎದುರಿಗೆ ಬಂದರೆ ಇನ್ನೊಬ್ಬರಿಗೆ ಕಾಣಬೇಕಲ್ಲ, ಅದಕ್ಕೆ.

ಬ್ರಾಡ್ಸ್ ಅಂತ ಹೇಳುತ್ತಾರಲ್ಲ, ಅದು ಕೆರೆಯಾ, ನದಿಯಾ?

ವೆರಿಗಳು ಓಡಾಡುತ್ತಿದ್ದ ಈ ನಾಡು ಎರಡೂ ಸೇರಿದ್ದು. ಬ್ಯೂರ್, ಆಂಟ್, ಥರ್ನ್, ಯೇರ್, ವೇವ್ನಿ ಅನ್ನುವ ನಿಧಾನವಾಗಿ ಹರಿಯುವ ನದಿಗಳು, ಅವುಗಳ ಅಕ್ಕಪಕ್ಕದಲ್ಲಿ ಅಗಲವಾದ, ಆಳವಿಲ್ಲದ ಕೆರೆಗಳು. ಕೆರೆಗಳಿಗೆ ಬ್ರಾಡ್ ಅಂತ ಹೆಸರು. ದೋಣಿ ಓಡಾಡುವ ನೀರಿನ ದಾರಿ ಒಟ್ಟು ಸುಮಾರು 200 ಕಿಲೋಮೀಟರ್.

ಈ ಕೆರೆಗಳು ತಾವಾಗಿಯೇ ಹುಟ್ಟಿದ್ದು ಅಂತ ಬಹಳ ಕಾಲ ಎಲ್ಲರೂ ನಂಬಿದ್ದರು. 1950ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಅನ್ನುವ ಸಸ್ಯವಿಜ್ಞಾನಿ ಕೆರೆಯ ತಳವನ್ನು ಕೊರೆದು ಮಣ್ಣಿನ ಮಾದರಿ ತೆಗೆದು ನೋಡಿದರು. ದಂಡೆಗಳು ಇಳಿಜಾರಾಗಿರಲಿಲ್ಲ, ಗುದ್ದಲಿಯಲ್ಲಿ ಕಡಿದ ಹಾಗೆ ನೆಟ್ಟಗೆ ಇದ್ದವು. ಇವೆಲ್ಲ ಮಧ್ಯಯುಗದ ಜನ ಒಲೆಗೆ ಹಾಕಲು ಪೀಟ್ ಅನ್ನುವ ಉರಿಯುವ ಮಣ್ಣನ್ನು ಅಗೆದ ಗುಂಡಿಗಳು! ಆಮೇಲೆ ಸಮುದ್ರದ ಮಟ್ಟ ಏರಿ ನೀರು ತುಂಬಿಕೊಂಡಿತು. ಕೈಯಿಂದ ಅಗೆದ ಗುಂಡಿಗಳ ನಾಡು ಇದು ಅಂತ ಗೊತ್ತಾದ ಮೇಲೆ ನನಗೆ ಅಲ್ಲಿನ ನೀರನ್ನು ಮೊದಲಿನ ಹಾಗೆ ನೋಡಲು ಆಗಿಲ್ಲ.

ಹಾಯಿ ಯಾಕೆ ಕಪ್ಪು?

ಬಟ್ಟೆ ಕೊಳೆಯದಿರಲಿ ಅಂತ ಟಾರು ಮತ್ತು ಮೀನೆಣ್ಣೆ ಬೆರೆಸಿ ಬಳಿಯುತ್ತಿದ್ದರು. ಪಕ್ಕದ ಗ್ರೇಟ್ ಯಾರ್ಮತ್ ಬಂದರು ಹೆರಿಂಗ್ ಮೀನಿಗೆ ಹೆಸರುವಾಸಿ, ಹಾಗಾಗಿ ಎಣ್ಣೆಗೆ ಕೊರತೆಯಿರಲಿಲ್ಲ.

ಅಷ್ಟೆತ್ತರದ ಕಂಬ ಇಟ್ಟುಕೊಂಡು ಸೇತುವೆ ಕೆಳಗೆ ಹೇಗೆ ಹೋಗುತ್ತಿತ್ತು?

ನನಗೆ ತುಂಬಾ ಇಷ್ಟವಾದ ಪ್ರಶ್ನೆ. ವೆರಿಯನ್ನು ಅರ್ಥ ಮಾಡಿಕೊಳ್ಳಲು ಇದೊಂದು ಸಾಕು.

ಅಲ್ಲಿನ ಹಳೆಯ ಕಲ್ಲಿನ ಸೇತುವೆಗಳು ತೀರಾ ತಗ್ಗು. ಪಾಟರ್ ಹೈಗಮ್ ಅನ್ನುವ ಊರಿನ ಮಧ್ಯಯುಗದ ಸೇತುವೆಯ ಕಮಾನು ನೋಡಿದರೆ, ಇದರೊಳಗೆ ಹಾಯಿದೋಣಿ ತೂರುವುದು ಸಾಧ್ಯವೇ ಇಲ್ಲ ಅನ್ನಿಸುತ್ತದೆ. ಆದರೆ ಗಾಳಿಯನ್ನೇ ನಂಬಿ ಓಡುವ ದೋಣಿಗೆ ಕಂಬ ಎತ್ತರವಾಗಿಯೇ ಇರಬೇಕು. ದಡದಲ್ಲಿ ಮರಗಿಡ, ಜೊಂಡು ಬೆಳೆದಿರುತ್ತದೆ. ಅವುಗಳ ಮೇಲಿನ ಗಾಳಿ ಹಿಡಿಯದಿದ್ದರೆ ದೋಣಿ ಮುಂದೆ ಹೋಗುವುದಿಲ್ಲ.

ವೆರಿ ಕಟ್ಟುವವರು ಇದಕ್ಕೆ ಕಂಡುಕೊಂಡ ದಾರಿ ಏತದ ದಾರಿ. ನಮ್ಮ ಹಳ್ಳಿಯ ಏತ ನೋಡಿದ್ದೀರಲ್ವಾ? ಉದ್ದದ ಮರ, ಒಂದು ತುದಿಗೆ ಭಾರ, ನಡುವೆ ಆಧಾರ. ವೆರಿಯ ಹಾಯಿಕಂಬವೂ ಹಾಗೆಯೇ. ಬುಡದ ಹತ್ತಿರ ಒಂದು ದಪ್ಪ ಕಬ್ಬಿಣದ ಕೀಲಿನ ಮೇಲೆ ತೂಗುತ್ತದೆ. ಕೀಲಿನ ಕೆಳಗಿನ ಗಿಡ್ಡ ತುದಿಗೆ ಟನ್ನಿನ ಲೆಕ್ಕದಲ್ಲಿ ಸೀಸ ಕಟ್ಟಿರುತ್ತಾರೆ. ಮೇಲಿನ ಉದ್ದ ಕಂಬದ ತೂಕವನ್ನು ಕೆಳಗಿನ ಸೀಸ ಸರಿದೂಗಿಸುತ್ತದೆ. ಕಂಬವನ್ನು ಎರಡೂ ಪಕ್ಕದಿಂದ ಹಿಡಿದಿಡುವ ಹಗ್ಗಗಳು ಬೇರೆ ಹಾಯಿದೋಣಿಗಳಿಗೆ ಇರುತ್ತವೆ. ವೆರಿಗೆ ಅವೇ ಇಲ್ಲ. ಮುಂದಿನಿಂದ ಎಳೆದು ಹಿಡಿದ ಒಂದೇ ಹಗ್ಗ. ಅದನ್ನು ಸಡಿಲಿಸಿದರೆ ಕಂಬ ಹಿಂದಕ್ಕೆ ಮಲಗುತ್ತದೆ. ಕಂಬ ಮಲಗಿದಾಗ ಸೀಸದ ಬುಡ ಮುಂದಿನ ಹಲಗೆಯ ಕಂಡಿಯಿಂದ ಮೇಲೆದ್ದು ಬರುತ್ತದೆ.

ಈಗ ಸೇತುವೆ ಹತ್ತಿರ ಬರುತ್ತಿದೆ ಅಂದುಕೊಳ್ಳಿ. ಯಜಮಾನ ಹಿಂದೆ ಚುಕ್ಕಾಣಿಯಲ್ಲಿ. ಇನ್ನೊಬ್ಬ ಮುಂದೆ ಕಂಬದ ಬುಡದಲ್ಲಿ, ರಾಟೆಯ ಹತ್ತಿರ. ದೋಣಿ ಗಾಳಿ ತುಂಬಿಕೊಂಡು ಪೂರ್ತಿ ವೇಗದಲ್ಲಿದೆ. ಇನ್ನೇನು ಕಂಬ ಕಮಾನಿಗೆ ಬಡಿಯಿತು ಅನ್ನುವಷ್ಟರಲ್ಲಿ ಮುಂದಿದ್ದವನು ರಾಟೆ ಬಿಡುತ್ತಾನೆ, ಹಾಯಿ ಸರಸರ ಇಳಿದು ಸರಕಿನ ಮುಚ್ಚಳಗಳ ಮೇಲೆ ಬೀಳುತ್ತದೆ. ಕೂಡಲೇ ಮುಂದಿನ ಹಗ್ಗ ಸಡಿಲ. ಕಂಬ ಮಲಗುತ್ತದೆ. ದೋಣಿ ಅದೇ ಓಟದಲ್ಲಿ ಕಮಾನಿನೊಳಗೆ ನುಗ್ಗಿ ಆ ಕಡೆ ಬರುತ್ತದೆ. ಹೊರಗೆ ಬಂದ ತಕ್ಷಣ ಹಗ್ಗ ಎಳೆದರೆ ಸೀಸವೇ ಅರ್ಧ ಕೆಲಸ ಮಾಡಿ ಕಂಬವನ್ನು ಎತ್ತುತ್ತದೆ. ರಾಟೆ ತಿರುಗಿಸಿದರೆ ಹಾಯಿ ಮತ್ತೆ ಮೇಲಕ್ಕೆ. ಈ ಬಗೆಯ ಹಾಯಿಯನ್ನು ಏರಿಸಲು ಬೇರೆ ದೋಣಿಗಳಲ್ಲಿ ಎರಡು ಹಗ್ಗ ಬೇಕು, ಇಲ್ಲಿ ಒಂದರಲ್ಲೇ ಮುಗಿಯುತ್ತದೆ. ಒಬ್ಬನೇ ಒಬ್ಬ ಮಾಡಬೇಕಾದ ಕೆಲಸ, ಕೈ ಎರಡೇ ಅಲ್ವಾ.

ಕೈ ಪಳಗಿದವರು ದೋಣಿಯ ಓಟ ಸಾಯುವ ಮೊದಲೇ ಇಷ್ಟನ್ನೂ ಮುಗಿಸುತ್ತಿದ್ದರು. ಹಗ್ಗ ಬಿಡುವ ಗಳಿಗೆ ಒಂಚೂರು ತಪ್ಪಿದರೆ ಕಂಬ ಮುರಿಯುತ್ತದೆ.

ಹಾಯಿಯ ಕೆಳಗಿನ ಅಂಚಿಗೆ ಅಡ್ಡಮರ ಇಲ್ಲದಿರುವುದನ್ನೂ ಗಮನಿಸಿ. ಅಡ್ಡಮರ ಇದ್ದಿದ್ದರೆ ಸರಕು ಏರಿಸಿ ಇಳಿಸುವವರ ತಲೆಗೆ ಬಡಿಯುತ್ತಿತ್ತು. ಗಾಳಿ ಜೋರಾದರೆ ಹಾಯಿಯ ಕೆಳಗೆ ಹೊಲಿದು ಕಟ್ಟಿರುವ ಒಂದು ಪಟ್ಟಿಯನ್ನು ಬಿಚ್ಚಿ ತೆಗೆದುಬಿಡುತ್ತಾರೆ, ಹಾಯಿ ಅಷ್ಟು ಚಿಕ್ಕದಾಗುತ್ತದೆ. ತಳದ ಉದ್ದ ಮರವನ್ನೂ ಬಿಚ್ಚಬಹುದು. ನೀರು ತೀರಾ ಕಮ್ಮಿ ಇರುವ ಕಡೆ ಅದನ್ನು ಕಳಚಿಟ್ಟು ಮುಂದೆ ಹೋಗುತ್ತಿದ್ದರು.

ಗಾಳಿಯೇ ಇಲ್ಲದಿದ್ದರೆ?

ಜಲ್ಲೆ ಹಾಕಬೇಕು. ಅವರ ಮಾತಿನಲ್ಲಿ ಅದಕ್ಕೆ ಕ್ವಾಂಟ್. ಇಪ್ಪತ್ತಡಿಗೂ ಉದ್ದದ ಮರದ ಗಳ. ಕೆಸರಿನಲ್ಲಿ ಹೂತುಹೋಗದ ಹಾಗೆ ಅಡಿಯಲ್ಲಿ ಒಂದು ಪಾದ, ಮೇಲಿನ ತುದಿಯಲ್ಲಿ ಭುಜಕ್ಕೆ ಕೊಡಲು ಒಂದು ಗುಂಡು. ದೋಣಿಯ ಎರಡೂ ಅಂಚಿಗೆ ಕಾಲಿಡುವಷ್ಟು ದಾರಿ ಇರುತ್ತದೆ. ಮುಂದೆ ಹೋಗಿ ಜಲ್ಲೆಯನ್ನು ನೀರಿಗೆ ಊರಿ, ಭುಜ ಕೊಟ್ಟು, ಹಿಂದಿನ ತುದಿಯವರೆಗೆ ನಡೆಯುವುದು. ನಡೆಯುವವನು ಹಿಂದಕ್ಕೆ ಹೋದಂತೆ ದೋಣಿ ಮುಂದಕ್ಕೆ ಹೋಗುತ್ತದೆ. ತುದಿಗೆ ಬಂದ ಮೇಲೆ ಜಲ್ಲೆಯನ್ನು ಕೆಸರಿನಿಂದ ಕಿತ್ತು, ಎತ್ತಿಕೊಂಡು ಮತ್ತೆ ಮುಂದಕ್ಕೆ. ಮೂವತ್ತು ಟನ್ ಕಲ್ಲಿದ್ದಲು ತುಂಬಿದ ದೋಣಿಯನ್ನು ಹೀಗೆ ಮೈಲುಗಟ್ಟಲೆ ತಳ್ಳುವುದು ಅಂದರೆ ಸಾಮಾನ್ಯ ಮಾತಲ್ಲ. ವೆರಿಯ ಕಾಲವನ್ನು ಬರೀ ಕನಸಿನ ಹಾಗೆ ಬಣ್ಣಿಸುವವರನ್ನು ಕಂಡಾಗ ನನಗೆ ಈ ಭುಜಗಳೇ ನೆನಪಾಗುತ್ತವೆ.

ಏನೇನು ಸಾಗಿಸುತ್ತಿದ್ದರು? ದೋಣಿಯಲ್ಲಿ ಎಷ್ಟು ಜನ?

ಕಲ್ಲಿದ್ದಲು, ಮರ, ಧಾನ್ಯ, ಇಟ್ಟಿಗೆ, ಹೊಲಕ್ಕೆ ಹಾಕುವ ಸುಣ್ಣದ ಮಣ್ಣು, ಸೂರಿಗೆ ಹೊದಿಸುವ ಜೊಂಡು, ಸಕ್ಕರೆ ಬೀಟ್‌ಗೆಡ್ಡೆ. ಚಳಿಗಾಲದಲ್ಲಿ ಬ್ರಾಡ್‌ಗಳ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಒಡೆದು ಯಾರ್ಮತ್‌ನ ಮೀನು ವ್ಯಾಪಾರಕ್ಕೆ ಒಯ್ಯುತ್ತಿದ್ದರು. ಸಮುದ್ರದ ಹಡಗಿನಿಂದ ಯಾರ್ಮತ್‌ನಲ್ಲಿ ಇಳಿದ ಸರಕನ್ನು ನಾರಿಚ್ ನಗರಕ್ಕೆ, ಒಳಗಿನ ಹಳ್ಳಿಗಳಿಗೆ ಮುಟ್ಟಿಸುವುದು ಮುಖ್ಯ ಕೆಲಸ. ಇವುಗಳಿಗೆಂದೇ ನದಿಗಳನ್ನು ಸರಿಪಡಿಸಿದರು, ಕಾಲುವೆ ತೋಡಿದರು. ಬ್ಯೂರ್ ನದಿಯಲ್ಲಿ ಏಲ್ಶಮ್‌ವರೆಗಿನ ದಾರಿ 1779ರಲ್ಲಿ ಆಯಿತು, ನಾರ್ತ್ ವಾಲ್ಶಮ್ ಕಾಲುವೆ 1826ರಲ್ಲಿ.

ದೋಣಿಗೆ ಇಬ್ಬರೇ. ಯಜಮಾನ ಮತ್ತು ಒಬ್ಬ ಜೊತೆಗಾರ. ಎಷ್ಟೋ ಸಲ ಆ ಜೊತೆಗಾರ ಅಂದರೆ ಹೆಂಡತಿ ಅಥವಾ ಮಗ.

ಲಂಡನ್ನಿನ ಥೇಮ್ಸ್ ನದಿಯಲ್ಲೂ ವೆರಿ ಇತ್ತಂತಲ್ಲ?

ಹೆಸರು ಒಂದೇ, ದೋಣಿ ಬೇರೆ. ಅಲ್ಲಿಯದು ಹುಟ್ಟು ಹಾಕಿ ಜನರನ್ನು ದಾಟಿಸುವ ಸಣ್ಣ ದೋಣಿ. ಥೇಮ್ಸ್ ಬಾರ್ಜ್ ಅನ್ನುವುದು ಇನ್ನೂ ಬೇರೆ. ಅದು ಕೆಂಗಂದು ಹಾಯಿಯ, ಚಪ್ಪಟೆ ತಳದ, ಸಮುದ್ರಕ್ಕೂ ಹೋಗುವ ದೊಡ್ಡ ದೋಣಿ.

'ಕೂಟ್ ಕ್ಲಬ್'ನಲ್ಲಿ ವೆರಿ ಎಲ್ಲಿ ಬರುತ್ತದೆ? ಕಥೆಗೆ ಅದು ಯಾಕೆ ಮುಖ್ಯ?

ಪುಸ್ತಕ ಬಂದದ್ದು 1934ರಲ್ಲಿ. ಡಿಕ್ ಮತ್ತು ಡೊರೊತಿಯಾ ಅನ್ನುವ ಒಡಹುಟ್ಟಿದ ಇಬ್ಬರು ಪೇಟೆ ಮಕ್ಕಳು ಈಸ್ಟರ್ ರಜೆಗೆ ಬ್ರಾಡ್ಸ್‌ಗೆ ಬರುತ್ತಾರೆ. ಅಲ್ಲಿ ಹಾರ್ನಿಂಗ್ ಊರಿನ ಟಾಮ್, ಅವಳಿ ಹುಡುಗಿಯರು, ದೋಣಿ ಕಟ್ಟುವವರ ಮಕ್ಕಳಾದ ಮೂವರು ಹುಡುಗರು ಸಿಗುತ್ತಾರೆ. ಮೋಜಿಗೆ ಬಂದ ಕೆಲವರು ತಮ್ಮ ಮೋಟಾರು ದೋಣಿಯನ್ನು ಹಕ್ಕಿಗೂಡಿಗೆ ಅಡ್ಡವಾಗಿ ಕಟ್ಟಿರುತ್ತಾರೆ. ಗೂಡು ಉಳಿಸಲು ಟಾಮ್ ಆ ದೋಣಿಯ ಹಗ್ಗ ಬಿಚ್ಚಿ ತೇಲಿಬಿಡುತ್ತಾನೆ. ಅಲ್ಲಿಂದ ಅವನನ್ನು ಹುಡುಕುವ ಆಟ ಶುರು.

ಅವಳಿಗಳಿಗೆ ಪೋರ್ಟ್, ಸ್ಟಾರ್‌ಬೋರ್ಡ್ ಅಂತ ಅಡ್ಡಹೆಸರು. ದೋಣಿಯ ಮಾತಿನಲ್ಲಿ ಎಡ, ಬಲ. ಒಬ್ಬಳು ಎಡಚಿ, ಇನ್ನೊಬ್ಬಳು ಬಲಗೈಯವಳು. ಉಳಿದವರೆಲ್ಲ ಟೀಸಲ್ ಅನ್ನುವ ಹಾಯಿದೋಣಿಯಲ್ಲಿ ದಕ್ಷಿಣದ ನದಿಗಳಿಗೆ ಹೊರಟಾಗ ಇವರಿಬ್ಬರೂ ಹಿಂದೆ ಉಳಿದುಬಿಡುತ್ತಾರೆ. ಆಗ ಕೈಹಿಡಿಯುವುದು 'ಸರ್ ಗಾರ್ನೆಟ್' ಅನ್ನುವ ವೆರಿ. ಯಜಮಾನ ಜಿಮ್ ವುಡಲ್, ಜೊತೆಗೆ ಮುದುಕ ಸೈಮನ್.

ಈ ಭಾಗವನ್ನು ಮಗಳಿಗೆ ಓದಿ ಹೇಳುವಾಗ ನನಗೆ ಒಂದು ವಿಷಯ ಹೊಳೆಯಿತು. ವೆರಿ ಇಲ್ಲಿ ಸುಂದರವಾದ ಹಿನ್ನೆಲೆ ಚಿತ್ರ ಅಲ್ಲ. ಅದಕ್ಕೆ ಮುಟ್ಟಿಸಬೇಕಾದ ಸರಕಿದೆ, ಹಿಡಿಯಬೇಕಾದ ನೀರಿನ ಇಳಿತವಿದೆ. ಮಕ್ಕಳಿಗಾಗಿ ಅದು ದಾರಿ ಬದಲಿಸುವುದಿಲ್ಲ. ತನ್ನ ದಾರಿಯಲ್ಲಿ ಹೋಗುತ್ತಾ ಅವರನ್ನೂ ಕರೆದುಕೊಂಡು ಹೋಗುತ್ತದೆ. ಹುಡುಗಿಯರಿಗೂ ಅದು ಗೊತ್ತು. ಅವರು ಹುಟ್ಟಿದಾಗಿನಿಂದ ಈ ದೋಣಿಗಳನ್ನು ನೋಡಿದವರು. ವೆರಿಯವರ ಮುಂದೆ ಅವರು ಪ್ರವಾಸಿಗಳಲ್ಲ, ಒಂದೇ ನೀರಿನ ಕಿರಿಯರು. ಕೆಲಸ ಮಾಡುವ ಹಿರಿಯರನ್ನು ಮಕ್ಕಳು ಇಷ್ಟು ಗೌರವದಿಂದ ನೋಡುವ ಕಥೆಗಳು ಜಾಸ್ತಿ ಇಲ್ಲ. ಮಕ್ಕಳ ಸಾಹಿತ್ಯದಲ್ಲಿ ಹಳೆಯ ದೋಣಿ ಅಂದರೆ ಕಡಲುಗಳ್ಳರು, ನಿಧಿ, ನಕ್ಷೆ. ಇಲ್ಲಿ ಹಾಯಿ ಏರುವುದು ಕೂಲಿಗಾಗಿ.

ಪುಸ್ತಕ ಬಂದ ಹೊತ್ತಿಗೆ ಹಾಯಿ ಹಾಕಿ ಸರಕು ಸಾಗಿಸುವ ವೆರಿಗಳು ಕೈಬೆರಳಲ್ಲಿ ಎಣಿಸುವಷ್ಟಿದ್ದವು. ಅಂದರೆ ಆ ಅಧ್ಯಾಯ ಬರೆದದ್ದು ಕೊನೆಯ ಗಳಿಗೆಯಲ್ಲಿ.

'ಸರ್ ಗಾರ್ನೆಟ್' ಅಂಥ ಹೆಸರು ಯಾಕೆ?

ಗಾರ್ನೆಟ್ ವುಲ್ಸ್‌ಲಿ 19ನೇ ಶತಮಾನದ ಬ್ರಿಟಿಷ್ ಸೇನಾಧಿಕಾರಿ. ಅವನ ಅಚ್ಚುಕಟ್ಟುತನದಿಂದಾಗಿ 'ಎಲ್ಲ ಸರ್ ಗಾರ್ನೆಟ್' ಅಂದರೆ 'ಎಲ್ಲ ಸರಿಯಾಗಿದೆ' ಅನ್ನುವ ಮಾತೇ ಆಡುಭಾಷೆಗೆ ಬಂತು. ದೋಣಿಗೆ ಒಳ್ಳೆಯ ಹೆಸರು ಅಲ್ವಾ?

ಕೂಟ್ ಅಂದರೆ ಯಾವ ಹಕ್ಕಿ? ನಮ್ಮಲ್ಲಿ ಇದೆಯಾ?

ಇದೆ! ನಮ್ಮ ನಾಮದ ಕೋಳಿ. ಕಪ್ಪು ಮೈ, ಬಿಳಿ ಕೊಕ್ಕು, ಹಣೆಯ ಮೇಲೆ ಬಿಳಿ ನಾಮ. ಕರ್ನಾಟಕದ ಕೆರೆಗಳಲ್ಲಿ ಚಳಿಗಾಲದಲ್ಲಿ ಹಿಂಡು ಹಿಂಡಾಗಿ ಕಾಣುತ್ತವೆ. ಮಕ್ಕಳಿಗೆ ಪುಸ್ತಕ ಓದುವ ಮೊದಲು ಹತ್ತಿರದ ಕೆರೆಗೆ ಕರೆದುಕೊಂಡು ಹೋಗಿ ಈ ಹಕ್ಕಿ ತೋರಿಸಿ. ಜೊಂಡಿನ ನಡುವೆ ನೀರಿಗೆ ತಾಗಿಕೊಂಡೇ ಗೂಡು ಕಟ್ಟುತ್ತದೆ. ದೋಣಿ ಅಡ್ಡ ನಿಂತರೆ ತಾಯಿ ಹಕ್ಕಿ ಗೂಡಿಗೆ ಬರಲಾಗದೆ ಮೊಟ್ಟೆ ತಣ್ಣಗಾಗುತ್ತದೆ. ಟಾಮ್ ಯಾಕೆ ಅಷ್ಟು ದೊಡ್ಡ ತಪ್ಪು ಮಾಡಲು ಮುಂದಾದ ಅಂತ ಆಗ ಮಕ್ಕಳಿಗೆ ತಾನಾಗೇ ಅರ್ಥವಾಗುತ್ತದೆ.

ಕಥೆಯಲ್ಲಿ ಯಾರ್ಮತ್ ದಾಟುವಾಗ ಎಲ್ಲರಿಗೂ ಅಷ್ಟು ಆತಂಕ ಯಾಕೆ?

ಉತ್ತರದ ನದಿಗಳಿಂದ ದಕ್ಷಿಣದ ನದಿಗಳಿಗೆ ಹೋಗಬೇಕಾದರೆ ಯಾರ್ಮತ್ ಮೂಲಕವೇ ಹೋಗಬೇಕು. ಅಲ್ಲಿ ಸಮುದ್ರದ ಉಬ್ಬರ ಇಳಿತ ಜೋರು. ಉಪಾಯ ಹೀಗೆ: ಇಳಿತದ ಜೊತೆ ಬ್ಯೂರ್ ನದಿಯಲ್ಲಿ ಇಳಿದು ಬರುವುದು. ನೀರು ಪೂರ್ತಿ ಇಳಿದು ನಿಂತ ಸ್ವಲ್ಪ ಹೊತ್ತಿನಲ್ಲೇ ಸೇತುವೆಗಳನ್ನು ದಾಟಿಬಿಡುವುದು. ಆಗ ಸೆಳೆತವೂ ಕಮ್ಮಿ, ಸೇತುವೆಯ ಕೆಳಗೆ ಜಾಗವೂ ಜಾಸ್ತಿ. ಆಮೇಲೆ ಉಬ್ಬರದ ಜೊತೆ ಬ್ರೇಡನ್ ವಾಟರ್ ಅನ್ನುವ ಅಗಲವಾದ ಅಳಿವೆಯಲ್ಲಿ ಮೇಲಕ್ಕೆ ಹೋಗುವುದು. ಇಳಿತದಲ್ಲಿ ಬ್ರೇಡನ್ ಬಹುಪಾಲು ಬರೀ ಕೆಸರು. ನಡುವೆ ದೋಣಿಯ ದಾರಿ ತೋರಿಸಲು ಕಂಬಗಳ ಸಾಲಿದೆ. ಸಾಲು ಬಿಟ್ಟರೆ ಮುಂದಿನ ಉಬ್ಬರದವರೆಗೆ ಕೆಸರಿನಲ್ಲೇ ವಾಸ. ಕಥೆಯ ಕೊನೆಯ ಸಾಹಸ ನಡೆಯುವುದು ಇಲ್ಲೇ. ಟೀಸಲ್ ಕೆಸರಿನಲ್ಲಿ ಕೂತರೆ, ಬೆನ್ನಟ್ಟಿ ಬಂದ ಮೋಟಾರು ದೋಣಿ ಒಂದು ಕಂಬಕ್ಕೇ ಡಿಕ್ಕಿ ಹೊಡೆಯುತ್ತದೆ.

ಬಿಳಿ ಹಾಯಿಯ ವೆರಿಯ ಚಿತ್ರ ನೋಡಿದ್ದೇನೆ. ಅದೂ ಸರಕಿನದಾ?

ಅಲ್ಲ, ಅದು ವಿಹಾರದ ವೆರಿ. ರೈಲು ಬಂದು ಸರಕು ಕಡಿಮೆಯಾದ ಮೇಲೆ ಕೆಲವರು ಬೇಸಿಗೆಯಲ್ಲಿ ದೋಣಿ ತೊಳೆದು, ಹಾಸಿಗೆ ಹಾಕಿ, ಪ್ರವಾಸಿಗಳಿಗೆ ಬಾಡಿಗೆಗೆ ಕೊಡತೊಡಗಿದರು. ಆಮೇಲೆ ಅದಕ್ಕೆಂದೇ ಹೊಸ ವೆರಿಗಳನ್ನು ಕಟ್ಟಿದರು. 1905ರ 'ಹಾಥೋರ್' ಇವುಗಳಲ್ಲಿ ನನ್ನ ಮೆಚ್ಚಿನದು. ಸಾಸಿವೆ ವ್ಯಾಪಾರದ ಕೋಲ್ಮನ್ ಮನೆತನದ ಅಕ್ಕತಂಗಿಯರಾದ ಎಥೆಲ್, ಹೆಲೆನ್ ಮಾಡಿಸಿದ್ದು. ಅವರ ತಮ್ಮ ಆ್ಯಲನ್ 1897ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡಿದ್ದ. ನೈಲ್ ನದಿಯಲ್ಲಿ ಅವರು ಪ್ರಯಾಣ ಮಾಡಿದ್ದ ದೋಣಿಯ ಹೆಸರನ್ನೇ ಇದಕ್ಕೂ ಇಟ್ಟರು. ಒಳಗಿನ ಮರದ ಕೆಲಸವೆಲ್ಲ ಈಜಿಪ್ಟಿನ ಚಿತ್ರಗಳು. ಎಥೆಲ್ 1923ರಲ್ಲಿ ನಾರಿಚ್‌ನ ಲಾರ್ಡ್ ಮೇಯರ್ ಆದರು. ಬ್ರಿಟನ್ನಿನಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಹೆಣ್ಣುಮಗಳು.

ವೆರಿಗಳು ಯಾಕೆ ನಿಂತುಹೋದವು? ಈಗ ಎಷ್ಟು ಉಳಿದಿವೆ?

ನಾರಿಚ್‌ನಿಂದ ಯಾರ್ಮತ್‌ಗೆ ರೈಲು ಬಂದದ್ದು 1844ರಲ್ಲಿ. ಆದರೂ ವೆರಿಗಳು ಬಹಳ ಕಾಲ ಎದುರಿಸಿ ನಿಂತವು, ಯಾಕೆಂದರೆ ಹಳ್ಳಿಯ ಗಿರಣಿಯ ಬಾಗಿಲಿಗೆ ರೈಲು ಹೋಗುವುದಿಲ್ಲ. ಲಾರಿ ಹೋಗುತ್ತದೆ. ಲಾರಿ ಬಂದ ಮೇಲೆ ಕಥೆ ಮುಗಿಯಿತು. 1912ರಲ್ಲಿ ಕಾಲ್ಟಿಶಲ್‌ನಲ್ಲಿ ಕಟ್ಟಿದ, 'ಎಲ್ಲಾ' ಅನ್ನುವ ಹೆಸರಿನ ದೋಣಿಯೇ ಕೊನೆಯ ಸರಕಿನ ವೆರಿ. ಅದೇ ವರ್ಷದ ದೊಡ್ಡ ನೆರೆಯಲ್ಲಿ ಏಲ್ಶಮ್‌ ದಾರಿಯೂ ಹಾಳಾಯಿತು. ಹಲವು ವೆರಿಗಳ ಕಂಬ ಕಿತ್ತು ಬರೀ ತೊಟ್ಟಿಗಳ ಹಾಗೆ ಎಳೆದಾಡಿದರು. ಇನ್ನು ಕೆಲವನ್ನು ದಂಡೆ ಕುಸಿಯದಿರಲಿ ಅಂತ ನೀರಿನಲ್ಲಿ ಮುಳುಗಿಸಿಬಿಟ್ಟರು.

ಸರಕಿನ ವೆರಿಗಳಲ್ಲಿ ಹಾಯಿ ಹಾಕುವ ಸ್ಥಿತಿಗೆ ಮರಳಿ ಬಂದದ್ದು ಎರಡು. ಒಂದು 1898ರ 'ಆಲ್ಬಿಯನ್'. ಬಂಗೀ ಊರಿನ ಮಾಲ್ಟ್ ವ್ಯಾಪಾರಿಗಳಿಗೆ ಕಟ್ಟಿದ್ದು, 40 ಟನ್ನಿನದು. ಇದರ ಹಲಗೆಗಳು ಮಾತ್ರ ಹೆಂಚಿನ ಹಾಗಲ್ಲ, ಅಂಚಿಗೆ ಅಂಚು ಕೂಡಿಸಿ ನುಣುಪಾಗಿವೆ. 1949ರಲ್ಲಿ ಇದನ್ನು ಉಳಿಸಲೆಂದೇ ನಾರ್ಫೋಕ್ ವೆರಿ ಟ್ರಸ್ಟ್ ಹುಟ್ಟಿತು. ಇನ್ನೊಂದು 1899ರ 'ಮಾಡ್'. ಅದನ್ನು ರ‍್ಯಾನ್‌ವರ್ತ್ ಬ್ರಾಡ್‌ನಲ್ಲಿ ಮುಳುಗಿಸಿದ್ದರು. 1981ರಲ್ಲಿ ವಿನ್ಸೆಂಟ್ ಮತ್ತು ಲಿಂಡಾ ಪಾರ್ಜೆಟರ್ ದಂಪತಿ ಅದನ್ನು ಕೆಸರಿನಿಂದ ಮೇಲೆತ್ತಿದರು. ಮತ್ತೆ ಹಾಯಿ ಏರಿಸುವ ಹೊತ್ತಿಗೆ 1999, ಅಂದರೆ ದೋಣಿಗೆ ನೂರು ವರ್ಷ. ಹದಿನೆಂಟು ವರ್ಷದ ಕೆಲಸ.

ನಮ್ಮ ಕಡೆ ಇಂಥ ದೋಣಿ ಇತ್ತಾ?

ಇದೇ ಬಗೆಯದು ಇಲ್ಲ. ಕರಾವಳಿಯ ಮಚ್ವೆ, ಪತ್ತೇಮಾರಿ ಹಾಯಿದೋಣಿಗಳೇ, ಆದರೆ ಅವು ಕಡಲಿನವು. ಒಳನಾಡಿನ ಹರಿಗೋಲಿಗೆ ಹಾಯಿಯೇ ಇಲ್ಲ. ಕೆಲಸದ ದೃಷ್ಟಿಯಿಂದ ಹತ್ತಿರದ ನೆಂಟ ಅಂದರೆ ಕೇರಳದ ಹಿನ್ನೀರಿನ ಕೆಟ್ಟುವಳ್ಳಂ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟುವ ಅಕ್ಕಿ ದೋಣಿ. ಅದಕ್ಕೂ ಲಾರಿಯೇ ಕುತ್ತಾಯಿತು. ಅದೂ ಪ್ರವಾಸಿಗಳ ಮನೆದೋಣಿಯಾಗಿ ಉಳಿಯಿತು.

ನೋಡಬೇಕು ಅಂದರೆ ಎಲ್ಲಿಗೆ ಹೋಗಬೇಕು?

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ನಾರಿಚ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ. 'ಆಲ್ಬಿಯನ್' ತಂಗುವುದು ಲಡಮ್ ಹತ್ತಿರದ ವೊಮ್ಯಾಕ್ ವಾಟರ್‌ನಲ್ಲಿ. ಬೇಸಿಗೆಯಲ್ಲಿ ಟ್ರಸ್ಟ್‌ನವರು ಜನರನ್ನು ಕರೆದೊಯ್ಯುತ್ತಾರೆ, ಮೊದಲೇ ವಿಚಾರಿಸಿಕೊಂಡು ಹೋಗಿ. ವಿಹಾರದ ವೆರಿಗಳು ರಾಕ್ಸಮ್‌ನಲ್ಲಿವೆ. ಸ್ಟಾಲಮ್‌ನಲ್ಲಿ ಬ್ರಾಡ್ಸ್ ವಸ್ತುಸಂಗ್ರಹಾಲಯ ಇದೆ. ನಾರಿಚ್‌ನಿಂದ ಯಾರ್ಮತ್‌ಗೆ ಹೋಗುವ ರೈಲು ಮಾರ್ಗಕ್ಕೆ ಈಗ ವೆರಿ ಲೈನ್ಸ್ ಅಂತಲೇ ಹೆಸರು. ಕಿಟಕಿ ಪಕ್ಕ ಕೂತರೆ ಜೊಂಡು, ಗಾಳಿಗಿರಣಿ, ನೀರು ಎಲ್ಲ ಕಾಣುತ್ತದೆ.

ಕಂಬ ಮಲಗಿಸುವುದು ಮಕ್ಕಳಿಗೆ ಅರ್ಥವಾಗುತ್ತಿಲ್ಲ. ಹೇಗೆ ತೋರಿಸಲಿ?

ಮಾಡಿಯೇ ತೋರಿಸಿ. ಒಂದು ಉದ್ದ ಪೆನ್ಸಿಲ್, ಒಂದು ಗುಂಡುಸೂಜಿ, ಒಂದು ರಟ್ಟಿನ ಡಬ್ಬಿ, ಒಂದು ಮುದ್ದೆ ಜೇಡಿಮಣ್ಣು ಸಾಕು. ಪೆನ್ಸಿಲ್‌ಗೆ ಕೆಳಗಿನಿಂದ ಎರಡು ಬೆರಳಷ್ಟು ಮೇಲೆ ಬಿಗಿಯಾಗಿ ಕಾಗದ ಸುತ್ತಿ, ಅದರೊಳಗೆ ಸೂಜಿಯನ್ನು ಅಡ್ಡ ತೂರಿಸಿ. ಸೂಜಿಯ ಎರಡೂ ತುದಿಯನ್ನು ಡಬ್ಬಿಯ ಅಂಚಿನ ಮೇಲೆ ಕೂರಿಸಿ. ತುದಿಯಿಂದ ಡಬ್ಬಿಯ ಮುಂದಕ್ಕೆ ಒಂದು ದಾರ ಕಟ್ಟಿ. ಮೊದಲು ಮಣ್ಣು ಹಚ್ಚದೆ ದಾರ ಬಿಡಿ, ಪೆನ್ಸಿಲ್ ಧೊಪ್ಪನೆ ಬೀಳುತ್ತದೆ. ಈಗ ಬುಡಕ್ಕೆ ಚೂರು ಚೂರೇ ಮಣ್ಣು ಮೆತ್ತುತ್ತಾ ಹೋಗಿ. ಬೀಳುವುದು ನಿಧಾನವಾಗುತ್ತದೆ. ಇನ್ನೊಂದು ಚೂರು. ನನ್ನ ಮಗಳು ಮೂರನೇ ಸಲಕ್ಕೆ ಸರಿಯಾದ ತೂಕ ಹಿಡಿದಳು. ಪುಸ್ತಕದ ರಾಶಿಯ ಸೇತುವೆಯ ಕೆಳಗೆ ಡಬ್ಬಿ ದೂಡಿ, ಆ ಕಡೆ ಬಂದ ಮೇಲೆ ಕಿರುಬೆರಳಲ್ಲಿ ದಾರ ಎಳೆದಳು. ಕಂಬ ಎದ್ದು ನಿಂತಿತು.